ಏಳಕ್ಕೆ ಹೋಗಿ ಒಂಬತ್ತಕ್ಕೆ ಬರುವ ಸಿಗ್ನಲ್ಲು

ನಮ್ಮ ಕಡೆ ಚಳಿ ಅಂದರೆ ಹೊರಗಿನವರು ನಗುತ್ತಾರೆ. ಅವರು ಕೇಳಿರುವುದು ನಮ್ಮ ಬಿಸಿಲಿನ ಸುದ್ದಿ ಮಾತ್ರ. ಡಿಸೆಂಬರಿನಲ್ಲಿ ಒಂದು ದಿನ ಬೆಳಿಗ್ಗೆ ಆರಕ್ಕೆ ಸೇಡಂನಿಂದ ಗಾಡಿ ಹತ್ತಿ ಕೋಡ್ಲಾ ಕಡೆ ಹೊರಡಲಿ, ಮೂಗು ಮುಖದ ಮೇಲೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಲಿ, ಆಮೇಲೆ ಮಾತಾಡೋಣ.

ನಾನು ಸೇಡಂನಲ್ಲಿ ಇಂಟರ್ನೆಟ್ ಕೊಡುವ ಸಣ್ಣ ಧಂದೆ ಮಾಡುತ್ತೇನೆ. ವೈರು ಹೋಗದ ಊರುಗಳಿಗೆ ಗಾಳಿಯಲ್ಲೇ ಕಳಿಸುತ್ತೇವೆ. ನಮ್ಮ ಟವರಿನಿಂದ ಹೊರಟ ಸಿಗ್ನಲ್ಲನ್ನು ಗಿರಾಕಿಯ ಮಾಳಿಗೆಯ ಮೇಲೆ ಪೈಪಿಗೆ ಕಟ್ಟಿದ, ಊಟದ ತಟ್ಟೆಯಷ್ಟು ಅಗಲದ ಬಿಳಿ ಡಿಶ್ಶು ಹಿಡಿಯುತ್ತದೆ. ಅಲ್ಲಿಂದ ಕೇಬಲ್ ಕೆಳಗೆ ಮನೆಯೊಳಕ್ಕೆ. ಕೇಳಲು ಇಷ್ಟೇ. ಆದರೆ ಚಿತ್ತಾಪುರದಲ್ಲಿ ಗಾಳಿಪಟದ ದಾರ ಸುತ್ತಿಕೊಳ್ಳುತ್ತದೆ, ಕುಂಚಾವರಂ ಕಡೆ ಮಂಗಗಳು ಕೇಬಲ್ ಹಿಡಿದು ಜೋಕಾಲಿ ಆಡುತ್ತವೆ, ವಾಡಿ, ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆಗಳ ಧೂಳು. ಚಳಿಗಾಲ ಬಂತೆಂದರೆ ಇದೆಲ್ಲದರ ಮೇಲೆ ಇಬ್ಬನಿ. ಹಗಲೆಲ್ಲ ಡಿಶ್ಶಿನ ಮೇಲೆ ಸಿಮೆಂಟಿನ ಧೂಳು ಕೂರುತ್ತದೆ, ರಾತ್ರಿ ಇಬ್ಬನಿ ಅದನ್ನು ಕಲಸುತ್ತದೆ, ಮರುದಿನದ ಬಿಸಿಲಿಗೆ ಅದು ಗಿಲಾವು ಮಾಡಿದ ಹಾಗೆ ಗಟ್ಟಿಯಾಗುತ್ತದೆ. ಮೇಸ್ತ್ರಿ ಬೇಡ, ನೀರು ಹೊಡೆಯುವವರು ಬೇಡ. ದೇವರೇ ಕ್ಯೂರಿಂಗ್ ಮಾಡುತ್ತಾನೆ.

ಹಾಗಾಗಿ ಕೋಡ್ಲಾ ದಾಟಿದ ಮೇಲೆ ಬರುವ ಒಂದು ಊರಿನಿಂದ ಆ ಫೋನು ಬಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

"ಅಕ್ಕಾ, ಮತ್ತ ಹೋಯ್ತ್ ನೋಡ್ರಿ! ಆ ಕಡಿ ಹುಡುಗ ಲೆಕ್ಕ ತೋರ್ಸಲತ್ತಿದ್ದ, ಬಾಯಿ ತೆರಕೊಂಡೇ ನಿಂತುಬಿಟ್ಟ!"

ಫೋನು ಮಾಡಿದವಳು ಗಣಿತದ ಟೀಚರು. ಬಿ.ಎಸ್ಸಿ., ಬಿ.ಎಡ್. ಮಾಡಿ, ಮದುವೆಯಾಗಿ ಈ ಊರಿಗೆ ಬಂದು, ಏಳು ವರ್ಷ ಸರ್ಟಿಫಿಕೇಟನ್ನು ಟ್ರಂಕಿನಲ್ಲಿ ಇಟ್ಟು ರೊಟ್ಟಿ ಬಡಿದವಳು. ಸೇಡಂನ ಶಾಲೆಗೆ ಹೋಗೋಣವೆಂದರೆ ಬಸ್ಸಿನ ಹೊತ್ತು ಹೊಂದುವುದಿಲ್ಲ. ಈಗ ಆನ್‌ಲೈನಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಏಳರಿಂದ ಒಂಬತ್ತು, ಹೊರದೇಶದ ಮಕ್ಕಳಿಗೆ. ಮೊದಲ ತಿಂಗಳು ಪರೀಕ್ಷೆಯ ತಿಂಗಳು. ಪಾಸಾದರೆ ಕೆಲಸ ಕಾಯಂ. ಅವಳ ಮನೆಯಲ್ಲಿ ಮೊಬೈಲಿಗೆ ಎರಡು ಕಡ್ಡಿ ಮೇಲೆ ಏರುವುದಿಲ್ಲ, ಹಾಗಾಗಿ ನಮ್ಮ ಡಿಶ್ಶನ್ನೇ ನಂಬಿ ಕೂತಿದ್ದಳು.

ಆ ಡಿಶ್ಶು ದಿನಾ ಬೆಳಿಗ್ಗೆ ಏಳು ದಾಟಿ ಐದೋ ಹತ್ತೋ ನಿಮಿಷಕ್ಕೆ ಸಾಯುತ್ತಿತ್ತು. ಒಂಬತ್ತಕ್ಕೆ ಎದ್ದು ಕೂರುತ್ತಿತ್ತು. ಆಮೇಲೆ ಮರುದಿನ ಬೆಳಗಿನವರೆಗೂ ಒಂದು ದೂರಿಲ್ಲ.

ನಮ್ಮ ಟೆಕ್ನಿಷಿಯನ್ ಐವತ್ತು ದಾಟಿದವರು, ಮೊದಲು ಕೇಬಲ್ ಟಿವಿ ಎಳೆಯುತ್ತಿದ್ದವರು. ನಾನು ಅವರಿಗೆ ಕಾಕಾ ಎನ್ನುತ್ತೇನೆ. ಮೊದಲ ದಿನವೇ ಅವರು ರೋಗ ಹೇಳಿಬಿಟ್ಟರು.

"ಅಕ್ಕೋರೆ, ಥಂಡಿ ಹತ್ಯಾದ್ರಿ ಅದಕ್ಕ. ಮನಷ್ಯಾರಿಗೇ ಕೈಕಾಲು ಸೆಟೀಲತ್ತಾವ, ಅದ್ರ ಗತಿ ಏನ್ರಿ?"

ನನಗೂ ಹಾಗೇ ಅನಿಸಿತು. ಎಲ್ಲರಿಗೂ ಹಾಗೇ ಅನಿಸಿತು. ಬೆಳಿಗ್ಗೆ ಚಳಿ, ಬೆಳಿಗ್ಗೆಯೇ ಸಿಗ್ನಲ್ಲು ಹೋಗುತ್ತದೆ, ಬಿಸಿಲು ಬಂದ ಮೇಲೆ ಬರುತ್ತದೆ. ಇನ್ನೇನು ಬೇಕು? ಕಾಕಾ ಡಿಶ್ಶಿನ ಮುಖದ ಮೇಲಿನ ಸಿಮೆಂಟನ್ನು ಹೆರೆದು ಬಂದರು. ಮರುದಿನ ಏಳಕ್ಕೆ ಹೋಯಿತು. ಕೇಬಲ್ಲಿನ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದರು, ಇಬ್ಬನಿ ಇಳಿಯದಂತೆ ಟೇಪು ಸುತ್ತಿದರು. ಮರುದಿನ ಏಳಕ್ಕೆ ಹೋಯಿತು. ಅಡಾಪ್ಟರ್ ಬದಲಿಸಿದೆವು, ಕೇಬಲ್ಲನ್ನೇ ಬದಲಿಸಿದೆವು, ಕೊನೆಗೆ ಡಿಶ್ಶಿಗೆ ಕೂಡಿಸುವ ರೇಡಿಯೋವನ್ನೇ ಹೊಸದು ತಂದು ಹಾಕಿದೆವು. ಕಾಕಾ ಪ್ರತಿದಿನ ಹತ್ತು ಗಂಟೆಗೆ ಹೋಗುತ್ತಿದ್ದರು, ಆಗ ಲೈನು ಚೆನ್ನಾಗಿಯೇ ಇರುತ್ತಿತ್ತು, ಏನೋ ಒಂದನ್ನು ಬಿಚ್ಚಿ ಕಟ್ಟಿ "ಈಗ ಪಕ್ಕಾ ಆಯ್ತ್ ನೋಡ್ರಿ" ಎಂದು ಫೋನು ಮಾಡುತ್ತಿದ್ದರು. ಆರೋಗ್ಯವಾಗಿ ಎದ್ದು ಕೂತ ರೋಗಿಗೆ ದಿನಾ ಒಂದು ಸೂಜಿ ಚುಚ್ಚಿ ಬಂದ ಹಾಗೆ.

ಡಿಶ್ಶು ಮಾಡಿದ ಕಂಪನಿಯ ಸಹಾಯವಾಣಿಗೂ ಫೋನು ಮಾಡಿದೆ. ಆ ಹುಡುಗಿ ಭಾಳ ಮರ್ಯಾದೆಯಿಂದ, "ಈ ಉಪಕರಣ ಹಿಮ ಬೀಳುವ ಕಡೆಯೂ ಕೆಲಸ ಮಾಡುತ್ತೆ ಮೇಡಂ. ನಿಮ್ಮಲ್ಲಿ ಎಷ್ಟು ಡಿಗ್ರಿ?" ಅಂದಳು.

"ಹನ್ನೊಂದು" ಅಂದೆ.

ಅವಳು ಅಂಕಿಯನ್ನು ಟೈಪು ಮಾಡುವ ಸದ್ದು ಕೇಳಿಸಿತು. ಆಮೇಲೆ ಕೇಳಿದಳು: "ಪ್ಲಸ್ಸಾ?"

ಫೋನು ಇಟ್ಟೆ.

ಆಫೀಸಿನಲ್ಲಿ ಕೂತೇ ಆ ಡಿಶ್ಶಿನ ಸಿಗ್ನಲ್ಲನ್ನು ಕಂಪ್ಯೂಟರಿನಲ್ಲಿ ನೋಡಬಹುದು. ಒಂದು ಅಂಕಿ ಬರುತ್ತದೆ. ಅದು ಐವತ್ತರ ಆಸುಪಾಸಿನಲ್ಲಿ ಇದ್ದರೆ ಸುಖ, ಎಂಬತ್ತು ದಾಟಿತೋ ಲೈನು ಸತ್ತಂತೆ. ಮೈಯ ಜ್ವರದ ಹಾಗೆ, ಏರಿದಷ್ಟೂ ಕೆಟ್ಟದ್ದು. ಈ ಡಿಶ್ಶಿನ ಅಂಕಿ ರಾತ್ರಿಯಿಡೀ ಐವತ್ತೆಂಟು. ಬೆಳಗಿನ ಜಾವ ನಾಲ್ಕಕ್ಕೆ, ಚಳಿ ಎಲ್ಲಕ್ಕಿಂತ ಹೆಚ್ಚಿರುವಾಗಲೂ ಐವತ್ತೆಂಟು. ಏಳು ಹೊಡೆದ ಮೇಲೆ ಒಮ್ಮೆಲೇ ಎಂಬತ್ತಮೂರು. ಚಳಿಯದೇ ತಪ್ಪಾಗಿದ್ದರೆ ನಾಲ್ಕಕ್ಕೇ ಹೋಗಬೇಕಿತ್ತು ಎಂಬ ಬುದ್ಧಿ ನನಗೆ ಬರಲು ಒಂದು ವಾರ ಬೇಕಾಯಿತು. ಹನ್ನೆರಡು ವರ್ಷದ ಅನುಭವ ಎಂದು ಬೋರ್ಡಿನ ಮೇಲೆ ಬೇರೆ ಬರೆಸಿದ್ದೇನೆ.

ಆ ವಾರವೆಲ್ಲ ಟೀಚರು ಫೋನಿನಲ್ಲಿ ಬರೀ ದನಿಯಿಂದ ಪಾಠ ಮುಗಿಸುತ್ತಿದ್ದಳು. ಮಕ್ಕಳಿಗೆ ಬೋರ್ಡಿಲ್ಲದೆ ಭಿನ್ನರಾಶಿ ಹೇಳಿಕೊಡುವುದು ಹೇಗೆ ಎಂದು ನೀವೇ ಯೋಚಿಸಿ. ಶನಿವಾರ ಅವಳಿಗೆ ಕಂಪನಿಯಿಂದ ಮೇಲ್ ಬಂತು. ಸೋಮವಾರದ ಕ್ಲಾಸಿನಲ್ಲಿ ಮೇಲಿನವರೊಬ್ಬರು ಕೂತು ನೋಡುತ್ತಾರೆ, ಪಾಠ ಐದು ನಿಮಿಷಕ್ಕಿಂತ ಹೆಚ್ಚು ನಿಂತರೆ ಆ ಮಕ್ಕಳನ್ನು ಬೇರೆಯವರಿಗೆ ಕೊಡುತ್ತಾರೆ. ಅಂದರೆ ಕೆಲಸ ಹೋಯಿತು. ಅದನ್ನು ನನಗೆ ಫೋನಿನಲ್ಲಿ ಓದಿ ಹೇಳಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಕ್ಕಾ, ನಿಮ್ ಕೈಲಿ ಆಗಲ್ಲಂದ್ರ ಈಗೇ ಹೇಳ್ರಿ. ನಾ ಟ್ರಂಕ್ ತೆಗೆದು ಸರ್ಟಿಫಿಕೇಟ್ ಮತ್ತ ಒಳಗ ಇಡ್ತೀನಿ" ಅಂದಳು.

ಭಾನುವಾರ ಕಾಕಾನನ್ನು ಕೂರಿಸಿಕೊಂಡು ಕೇಳಿದೆ: ನಾಳೆ ಏಳಕ್ಕೆ, ಲೈನು ಹೋಗುವ ಹೊತ್ತಿಗೇ, ಮಾಳಿಗೆಯ ಮೇಲೆ ಇರಲು ಆಗುತ್ತದೋ ಇಲ್ಲವೋ?

ಅವರು ನನ್ನನ್ನು ಹುಚ್ಚಿಯಂತೆ ನೋಡಿದರು. "ಏಳಕ್ಕ ಮಾಳಿಗಿ? ಅಕ್ಕೋರೆ, ಹೆಂಗಸ್ರು ಜಳಕಾ ಮಾಡೋ ಹೊತ್ತರಿ ಅದು. ಓಣಿ ತುಂಬಾ ಬಚ್ಚಲಕ್ಕ ಮ್ಯಾಲ ಛತ್ತಿಲ್ಲ. ನಾ ಹತ್ತಿದ್ರ ಎಷ್ಟ್ ಚಪ್ಲಿ ಬೀಳ್ತಾವೋ ಎಣಿಸ್ಲಿಕ್ಕೂ ಆಗಲ್ಲ."

ಇದು ತಮಾಷೆಯ ಮಾತಲ್ಲ. ನಮ್ಮ ಕಡೆ ಗಂಡಸು ಮಾಳಿಗೆಯನ್ನೋ ಗಿಡವನ್ನೋ ಕಂಬವನ್ನೋ ಹತ್ತುವ ಮೊದಲು ಜೋರಾಗಿ "ಪರದಾ! ಪರದಾ!" ಎಂದು ಕೂಗಬೇಕು. ಸುತ್ತಲ ಅಂಗಳದ ಹೆಂಗಸರು ಒಳಗೆ ಹೋಗಲು ಅಷ್ಟು ಹೊತ್ತು ಕೊಟ್ಟು ಆಮೇಲೆ ಏಣಿ ಮುಟ್ಟಬೇಕು. ಯಾವ ಜಾತಿ, ಯಾವ ಮತ ಎಂದಿಲ್ಲ, ಎಲ್ಲ ಓಣಿಗೂ ಇದೇ. ಕಾಕಾ ಕೇಬಲ್ ಟಿವಿ ಕಾಲದಿಂದ ಇದನ್ನು ಒಮ್ಮೆಯೂ ತಪ್ಪಿಸಿದವರಲ್ಲ. ಮತ್ತು ಚಳಿಗಾಲದಲ್ಲಿ ಒಂಬತ್ತಕ್ಕೆ ಮೊದಲು ಕೂಗುವುದೂ ಇಲ್ಲ. ನೆನೆದ ಮೈಯಲ್ಲಿ ಯಾರು ಎದ್ದು ಓಡುತ್ತಾರೆ?

ಹಾಗಾಗಿ ರೋಗ ಬಂದ ಹೊತ್ತಿಗೆ ರೋಗಿಯನ್ನು ನೋಡಿದವರೇ ಇರಲಿಲ್ಲ. ಉಳಿದವಳು ನಾನೊಬ್ಬಳೇ. ನಲವತ್ತಾರು ವರ್ಷ, ಮಂಡಿನೋವು, ಮಾಳಿಗೆ ಹತ್ತುವುದು ನನ್ನ ಕೆಲಸವಲ್ಲ ಎಂಬ ಗಟ್ಟಿ ನಂಬಿಕೆ.

ಸೋಮವಾರ ಆರೂವರೆಗೆ ಆ ಓಣಿಗೆ ಮುಟ್ಟಿದೆ. ಸ್ವೆಟರ್ ಮೇಲೆ ಶಾಲು, ಶಾಲಿನ ಮೇಲೆ ನನ್ನದೇ ಬೈಗುಳ. ಟೀಚರು ಬಾಗಿಲಲ್ಲೇ ನಿಂತಿದ್ದಳು. ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಕಾಲಿಗೆ ಮಾತ್ರ ಗಂಡನ ಉಲನ್ ಕಾಲುಚೀಲ. ಅವಳ ಅತ್ತೆ ಒಲೆಯ ಮುಂದಿನಿಂದಲೇ ಕೂಗಿದಳು: "ಬಂದ್ರೇನು ಇಂಟರ್ನೆಟ್‌ನವ್ರು? ಒಂದ್ ವಾರದಿಂದ ನಮ್ ಸೊಸಿ ಸರಿಯಾಗಿ ಉಂಡಿಲ್ಲ. ನಿಮಗ ದೇವ್ರು ಚಲೋ ಮಾಡಲ್ಲ ನೋಡ್ರಿ!" ಬಾಯಿಂದ ಹಾಗೆ ಬೈಯುತ್ತಾ ಕೈಯಿಂದ ಚಹಾ ಕೊಟ್ಟಳು. ಕುಡಿದು ಹತ್ತಿದೆ.

ಆ ಮನೆಯ ಮಾಳಿಗೆಗೂ ಪಕ್ಕದ ಮನೆಯ ಮಾಳಿಗೆಗೂ ನಡುವೆ ಮೊಣಕಾಲೆತ್ತರದ ಒಂದು ಗೋಡೆ. ನಮ್ಮ ಪೈಪು ಆ ಗೋಡೆಯ ತುದಿಗೇ ನಿಂತಿತ್ತು. ಡಿಶ್ಶಿನ ಮುಖ ಪಕ್ಕದವರ ಮಾಳಿಗೆಯನ್ನು ದಾಟಿ ಸೇಡಂ ಕಡೆಗೆ. ಪರಸಿಕಲ್ಲು ಹಾಸಿದ ನೆಲ ಕಾಲಿಗೆ ಕೊರೆಯುತ್ತಿತ್ತು. ಫೋನು ತೆಗೆದು ನೋಡಿದೆ: ಐವತ್ತೆಂಟು. ಕನೆಕ್ಟರ್ ಒಣಗಿದೆ, ಕೇಬಲ್ ಬಿಗಿಯಾಗಿದೆ. ಏಳಾಯಿತು. ಕೆಳಗಿನಿಂದ ಟೀಚರು ಇಂಗ್ಲಿಷಿನಲ್ಲಿ ಮಕ್ಕಳಿಗೆ ನಮಸ್ಕಾರ ಹೇಳುವುದು ಕೇಳಿಸಿತು. ಐವತ್ತೆಂಟು. ನನಗೆ ಅಳುವಷ್ಟು ಸಂತೋಷವಾಯಿತು.

ಏಳು ಗಂಟೆ ಆರು ನಿಮಿಷಕ್ಕೆ ಪಕ್ಕದ ಮಾಳಿಗೆಯ ಮೆಟ್ಟಿಲಿನಿಂದ ಇಬ್ಬರು ಹತ್ತಿ ಬಂದರು. ಮುಂದೆ ಆ ಮನೆಯ ಅರವತ್ತರ ಮುಸ್ಲಿಂ ಹೆಂಗಸು, ಓಣಿಗೆಲ್ಲ ಖಾಲಾ, ಹೊಗೆಯಾಡುವ ಬಿಸಿನೀರಿನ ಕೊಡ ಹಿಡಿದು. ಹಿಂದೆ ಅವಳ ಮಗಳು, ತಲೆಗೆ ಕಿವಿಗೆ ಬಟ್ಟೆ ಕಟ್ಟಿಕೊಂಡ ಬಾಣಂತಿ. ಹೆರಿಗೆಗೆ ತವರಿಗೆ ಬಂದವಳು ಎಂದು ನೋಡಿದರೇ ತಿಳಿಯುತ್ತಿತ್ತು. ಖಾಲಾ ಕೊಡ ಇಳಿಸಿ, ಗೋಡೆಯ ಮೇಲೆ ಮಡಚಿಟ್ಟಿದ್ದ ಒಂದು ದಪ್ಪ ಕೌದಿಯನ್ನು ಎತ್ತಿಕೊಂಡಳು. ಹಳೆಯ ಸೀರೆ, ಧೋತರ ಪದರಪದರವಾಗಿ ಹೊಲಿದದ್ದು. ರಾತ್ರಿಯಿಡೀ ಇಬ್ಬನಿ ಕುಡಿದು ನೀರು ತೊಟ್ಟಿಕ್ಕುತ್ತಿತ್ತು. ಅದಕ್ಕೆ ಹಗ್ಗ ಪೋಣಿಸಿತ್ತು. ಹಗ್ಗದ ಒಂದು ತುದಿಯನ್ನು ಮೆಟ್ಟಿಲ ಗೋಡೆಯ ಮೊಳೆಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ನಮ್ಮ ಪೈಪಿಗೇ ತಂದು ಬಿಗಿದಳು. ನಮ್ಮ ಪೈಪಿಗೆ! ಕೌದಿ ಡಿಶ್ಶಿನ ಮುಖದ ಮುಂದೆ ಒಂದು ಗೇಣು ದೂರದಲ್ಲಿ ಇಳಿಬಿತ್ತು.

ಎಂಬತ್ತಮೂರು.

ಒದ್ದೆ ಬಟ್ಟೆ ನಮ್ಮ ಸಿಗ್ನಲ್ಲಿಗೆ ಇಟ್ಟಂಗಿ ಗೋಡೆಗಿಂತ ಕೆಟ್ಟದ್ದು. ಬೇಸಿಗೆಯಲ್ಲಿ ಒಣ ಕೌದಿಯಾಗಿದ್ದರೆ ಹೇಗೋ ನುಸುಳುತ್ತಿತ್ತೇನೋ.

"ಅಕ್ಕಾ! ಹೋಯ್ತು!" ಕೆಳಗಿನಿಂದ ಟೀಚರು. "ಐದೇ ನಿಮಿಷ ಅಕ್ಕಾ!"

ನಾನು ಗೋಡೆ ದಾಟಿ ಹೋಗಿ ಕೌದಿಗೆ ಕೈ ಹಾಕಿದೆ. ಖಾಲಾ ಚೊಂಬು ಎತ್ತಿದಳು.

"ಏ ಬೇಟೀ, ಕೈ ತೆಗಿ! ಬಾಣಂತಿ ಜಳಕಾ ಮಾಡೋದು ಕಾಣಲ್ಲೇನು ನಿನಗ? ಕೆಳಗಿನ ಬಚ್ಚಲಾ ಬಿದ್ದಾದ, ಕಟ್ಟೋತನಕ ಇಲ್ಲೇ ಮಾಡಿಸ್ಲತ್ತೀನಿ."

"ಖಾಲಾ, ಜಳಕಾ ಮಾಡ್ಸ್ರಿ, ಯಾರ್ ಬ್ಯಾಡಂದಾರ? ಈ ಕೌದಿ ಒಂದ್ ತೆಗೀರಿ. ಇದು ಡಿಶ್ಶಿಗೆ ಅಡ್ಡ ಆಗ್ಯಾದ."

"ಅಡ್ಡ ಆಗ್ಲಿ ಅಂತೇ ಹಾಕೀನಿ! ಹಗಲೂ ರಾತ್ರಿ ಇತ್ತಾಗೇ ಕಣ್ ಬಿಟ್ಕೊಂಡು ನಿಂತದ ಅದು. ಆ ಕಡಿ ಯಾರ್ ಕುಂತು ನೋಡ್ತಾರ?"

"ಆ ಕಡಿ ನಾನೇ ಕುಂದ್ರತೀನ್ರಿ!"

"ಹಾಂ, ನೋಡು! ತಾನೇ ಒಪ್ಕೊಂಡಳು!"

ಎರಡು ನಿಮಿಷ ಹೋಯಿತು. ಅದು ಕ್ಯಾಮೆರಾ ಅಲ್ಲ ಎಂದೆ. ಆಣೆ ಮಾಡಿದೆ. ಫೋನು ಅವಳ ಮುಖದ ಮುಂದೆ ಹಿಡಿದೆ. ಚಿತ್ರ ಇಲ್ಲ, ಬರೀ ಒಂದು ಅಂಕಿ, ನೋಡಿರಿ. ಖಾಲಾ ಸುಲಭಕ್ಕೆ ಬಗ್ಗುವವಳಲ್ಲ. "ನಿಂದ್ರು" ಎಂದು ಕೌದಿಯನ್ನು ಒಂದು ಬದಿಗೆ ಸರಿಸಿದಳು. ಅಂಕಿ ಐವತ್ತೆಂಟಕ್ಕೆ ಇಳಿಯಿತು. ಆಮೇಲೆ ತಾನೇ ಡಿಶ್ಶಿನ ಮುಂದೆ ಎದೆಯುಬ್ಬಿಸಿ ನಿಂತಳು. ಅಂಕಿ ಎಪ್ಪತ್ತೊಂದಕ್ಕೆ ಹಾರಿತು.

"ನೋಡು! ನಾ ಬಂದದ್ದು ಅದಕ್ಕ ತಿಳೀತು! ಅಲ್ಲೇನು? ಮತ್ತ ಕಾಣಲ್ಲ ಅಂತೀದಿ!" ಎನ್ನುತ್ತಾ ಕೌದಿಯನ್ನು ಮತ್ತೆ ಡಿಶ್ಶಿನ ಮುಂದಕ್ಕೆ ಎಳೆದಳು.

ನನ್ನ ಹನ್ನೆರಡು ವರ್ಷದ ವಿದ್ಯೆ ಅಲ್ಲಿಗೆ ಮುಗಿಯಿತು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

"ಖಾಲಾ, ನೀವ್ ನಿಂತ್ರೂ ಅಷ್ಟೇ, ಎಮ್ಮಿ ನಿಂತ್ರೂ ಅಷ್ಟೇ. ಏನೋ ಅಡ್ಡ ಬಂತು ಅಂತ ತಿಳೀತದ, ಏನು ಅಂತ ತಿಳಿಯಂಗಿಲ್ಲ."

"ಯಾರಿಗ್ ಎಮ್ಮಿ ಅಂತೀದಿ?"

ಮಗಳು ಮಾತ್ರ ಕಿಸಕ್ಕೆಂದು ನಕ್ಕುಬಿಟ್ಟಳು. "ಅಮ್ಮೀ, ನೀರು ಆರ್ಲತ್ತದ. ಅದು ಎಮ್ಮಿ ಅಂತೇ ತಿಳೀಲಿ ಬಿಡು."

ಅಷ್ಟರಲ್ಲಿ ನಮ್ಮ ಕಡೆಯ ಮೆಟ್ಟಿಲಿನಿಂದ ಟೀಚರಿನ ಅತ್ತೆ ಏದುಸಿರು ಬಿಡುತ್ತಾ ಬಂದಳು. ಕೌದಿಯನ್ನೂ ನನ್ನನ್ನೂ ನೋಡಿ, "ಏನ್ ಆಯ್ತೀಗ? ಆ ಕೌದಿ ನಂದೇ. ಬಾಣಂತಿಗಿ ಪರದಾ ಆಗ್ಲಿ ಅಂತ ನಾನೇ ಕೊಟ್ಟೀನಿ. ಹಗ್ಗಾನೂ ನಂದೇ" ಅಂದಳು.

ಒಂದು ವಾರದಿಂದ ಬೆಳಗೆದ್ದು ನನಗೆ ಶಾಪ ಹಾಕುತ್ತಿದ್ದವಳು ಇವಳೇ. ಆ ವಾರವೆಲ್ಲ ಇಡೀ ಓಣಿಯ ಹೆಂಗಸರು ಇದನ್ನು ನೋಡಿದ್ದಾರೆ. ಯಾರೂ ಒಂದು ಮಾತು ಹೇಳಿಲ್ಲ, ಏಕೆಂದರೆ ಹೇಳಬೇಕಾದದ್ದು ಕಾಕಾನಿಗೆ, ಬಾಣಂತಿಯ ಜಳಕದ ಮಾತನ್ನು ಗಂಡಸಿನ ಮುಂದೆ ಯಾರು ಎತ್ತುತ್ತಾರೆ? ಕಾಕಾ ಹತ್ತಕ್ಕೆ ಬಂದು "ಪರದಾ" ಎಂದು ಕೂಗುವ ಹೊತ್ತಿಗೆ ಕೌದಿ ಮರ್ಯಾದೆಯಾಗಿ ಮಡಚಿ ಗೋಡೆಯ ಮೇಲೆ ಕೂತಿರುತ್ತಿತ್ತು.

"ಅತ್ತೀ, ನಿಮ್ ಕೌದಿಯಿಂದೇ ನಿಮ್ ಸೊಸಿ ನೌಕರಿ ಹೋಗ್ಲತ್ತದ" ಅಂದೆ. ಅವಳು ಒಮ್ಮೆ ಕೌದಿಯನ್ನು, ಒಮ್ಮೆ ಡಿಶ್ಶನ್ನು ನೋಡಿದಳು.

ಮೂರನೆಯ ನಿಮಿಷ. ಡಿಶ್ಶನ್ನು ಮೇಲಕ್ಕೆ ಸರಿಸೋಣವೆಂದು ಪಾನಾ ಹಾಕಿದೆ. ಬೋಲ್ಟು ಸಿಮೆಂಟಿನಲ್ಲಿ ಹೂತುಹೋಗಿತ್ತು, ಪಾನಾ ಜಾರಿ ನನ್ನ ಬೆರಳು ಕಿತ್ತಿತು. ಹಗ್ಗವನ್ನು ಬೇರೆ ಕಡೆ ಕಟ್ಟೋಣವೆಂದರೆ ಆ ಮಾಳಿಗೆಯಲ್ಲಿ ಇನ್ನೊಂದು ಕಂಬವಿಲ್ಲ, ಗೂಟವಿಲ್ಲ.

ಪೈಪಿನಿಂದ ಹಗ್ಗ ಬಿಚ್ಚಿದೆ. ಬಾಣಂತಿ ಕೂರುವ ಕಲ್ಲನ್ನು ಖಾಲಾ ಮತ್ತು ಅತ್ತೆ ಸೇರಿ ಮೆಟ್ಟಿಲ ಮೂಲೆಗೆ ನೂಕಿದರು. ಅಲ್ಲಿ ಎರಡು ಕಡೆ ಎತ್ತರದ ಗೋಡೆ. ತೆರೆದ ಕಡೆಗೆ ನಾನು ಹಗ್ಗದ ತುದಿಯನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು ನಿಂತೆ. ಡಿಶ್ಶಿನ ದಾರಿ ಖಾಲಿಯಾಯಿತು.

"ಬಂತು! ಬಂತಕ್ಕಾ!" ಕೆಳಗಿನಿಂದ ಕೂಗು, ಕೂಡಲೇ ಅದೇ ಬಾಯಲ್ಲಿ ಇಂಗ್ಲಿಷು.

"ಆ ಕಡಿ ಮಾರಿ ಮಾಡಿ ನಿಂದ್ರು" ಖಾಲಾ ನನಗೆ ಹುಕುಂ ಕೊಟ್ಟಳು. ಡಿಶ್ಶಿನ ಮುಖ ತಿರುಗಿಸಲಾಗಲಿಲ್ಲ, ನನ್ನದನ್ನಾದರೂ ತಿರುಗಿಸಿದಳು.

ಬಾಣಂತಿಯ ಜಳಕ ಎಂದರೆ ಎರಡು ಚೊಂಬು ಸುರಿದು ಏಳುವ ಜಳಕವಲ್ಲ. ಎಣ್ಣೆ ತಿಕ್ಕುವುದು, ಆಮೇಲೆ ಕೊಡದ ಮೇಲೆ ಕೊಡ ಸುಡುನೀರು, ಬೆನ್ನಿಗೆ ಒಂದು ಕೊಡ, ಸೊಂಟಕ್ಕೆ ಒಂದು ಕೊಡ, ಆಮೇಲೆ ಕೂದಲಿಗೆ ಲೋಬಾನದ ಹೊಗೆ, ಎಲ್ಲ ಸೇರಿ ಒಂಬತ್ತರವರೆಗೆ. ಕೌದಿಯ ತಣ್ಣೀರು ನನ್ನ ತೋಳಿನಗುಂಟ ಇಳಿದು ಸ್ವೆಟರಿನೊಳಗೆ ಹೋಗುತ್ತಿತ್ತು, ಹಿಂದಿನಿಂದ ಬಿಸಿನೀರು ಕಾಲಿಗೆ ಸಿಡಿಯುತ್ತಿತ್ತು. ಕೈ ಸ್ವಲ್ಪ ಇಳಿದರೆ ಖಾಲಾ "ಮ್ಯಾಲ! ಮ್ಯಾಲ!" ಎನ್ನುತ್ತಿದ್ದಳು. ಅತ್ತೆ ಇನ್ನೊಂದು ಕಪ್ ಚಹಾ ತಂದು, ನನಗೆ ಕೈ ಖಾಲಿ ಇಲ್ಲವೆಂದು ಕಂಡು, ಕೆಳಗಿಡಲೂ ಮನಸ್ಸಾಗದೆ ತಾನೇ ಕುಡಿದಳು.

ಕೌದಿಯ ಆಚೆಯಿಂದ ಬಾಣಂತಿ ಕೇಳಿದಳು: "ಆಪಾ, ಕೈ ನೋಯ್ಲತ್ತಾವೇನ್ರಿ?"

"ಇಲ್ಲವ್ವ, ಭಾಳ ಆರಾಮ ಅದೀನಿ."

"ನಿಮ್ ಇಂಟರ್ನೆಟ್ ಖರೇ ಚಲೋ ಓಡ್ತದೇನ್ರಿ? ನಮ್ ಮನಿಗೂ ಹಾಕ್ಸಬೇಕಂದೀವಿ. ನಮ್ ಮನಿಯವ್ರು ಕೂಸಿನ ಮಾರಿ ನೋಡ್ಬೇಕು ಅಂತ ದಿನಾ ಜಗಳಾ ತೆಗೀತಾರ."

ನಾನು ಹಗ್ಗವನ್ನು ಇನ್ನಷ್ಟು ಮೇಲಕ್ಕೆ ಎತ್ತಿದೆ.

ಒಂಬತ್ತು ದಾಟಿದ ಮೇಲೆ ಟೀಚರು ಮಾಳಿಗೆ ಹತ್ತಿ ಬಂದಳು. ಉಲನ್ ಕಾಲುಚೀಲ ನೆನೆದ ಕಲ್ಲಿನ ಮೇಲೆ ಪಚಕ್ ಪಚಕ್ ಎನ್ನುತ್ತಿತ್ತು. ಜಳಕ ಮುಗಿದು ತಾಯಿ ಮಗಳು ಕೆಳಗೆ ಹೋಗಿದ್ದರು. ನಾನು ಕೌದಿಯನ್ನು ನೆಲಕ್ಕೆ ಬಿಟ್ಟು, ಎತ್ತಿದ ತೋಳು ಇಳಿಯದೆ, ಗೋಡೆಗೆ ಒರಗಿ ಕೂತಿದ್ದೆ.

"ಏನಂದ್ರು?" ಕೇಳಿದೆ.

"ಮೂರು ನಿಮಿಷ ನಲವತ್ತು ಸೆಕೆಂಡ್ ನಿಂತಿತ್ತಂತ. ಬರ್ಕೊಂಡಾರ. ಐದರ ಒಳಗ ಅದ, ನಡೀತದ ಅಂದ್ರು. ಪಾಠಾ ಚಲೋ ಅದ ಅಂದ್ರು. ತಿಂಗಳು ಮುಗಿಲಿಕ್ಕ ಕಾಯ್ಬ್ಯಾಡ್ರಿ, ಇವತ್ತೇ ಕಾಗದ ಕಳಸ್ತೀವಿ ಅಂದ್ರು." ಹೇಳುತ್ತಾ ಹೇಳುತ್ತಾ ಅವಳ ದನಿ ಸಿಟ್ಟಿಗೆ ತಿರುಗಿತು. "ಅಲ್ಲಕ್ಕಾ, ಇಷ್ಟ್ ದಿನ ಒಮ್ಮೆ ಮ್ಯಾಲ ಬಂದು ನೋಡ್ಬಾರ್ದಿತ್ತೇನ್ರಿ?"

"ನೀವ್ ನೋಡ್ಬಾರ್ದಿತ್ತೇನ್ರಿ? ನಿಮ್ ಮಾಳಿಗಿ ಅದು!"

"ನಾ ಹ್ಯಾಂಗ್ ನೋಡ್ಲಿ? ಅದು ಹೋಗೋ ಹೊತ್ತಿನಾಗ ನಾ ಕೆಳಗ ಲ್ಯಾಪ್‌ಟಾಪ್ ಮುಂದ ಕುಂತು ನಿಮಗೇ ಫೋನ್ ಹಚ್ಚಿರ್ತೀನಿ!"

ಅವಳ ಅತ್ತೆ ಕೌದಿಯನ್ನು ಎತ್ತಿ ಹಿಂಡುತ್ತಾ ಎಲ್ಲೋ ನೋಡುತ್ತಿದ್ದಳು.

ಹತ್ತಕ್ಕೆ ಕೆಳಗಿನಿಂದ ಕಾಕಾನ "ಪರದಾ! ಪರದಾ!" ಕೇಳಿಸಿತು. ಬೋಲ್ಟು ಕೊಯ್ದು, ಪೈಪಿಗೆ ಇನ್ನೊಂದು ಪೈಪು ಕೂಡಿಸಿ, ಡಿಶ್ಶನ್ನು ಆಳೆತ್ತರಕ್ಕಿಂತ ಮೇಲೆ ಏರಿಸಿದರು. ಕೆಳಗಿಳಿದು ಬಂದು, ಏನು ತಪ್ಪಿತ್ತು ಎಂದು ಮೂರು ಸಲ ಕೇಳಿದರು. ಸುತ್ತ ನಿಂತ ಹೆಂಗಸರೆಲ್ಲ ನನ್ನ ಮುಖ ನೋಡುತ್ತಿದ್ದರು. "ಎತ್ತರ ಸಾಲ್ತಿದ್ದಿಲ್ಲ ಕಾಕಾ" ಅಂದೆ. (ಈಗ ಇದನ್ನು ಬರೆಯುತ್ತಿರುವುದು ಖಾಲಾಳನ್ನು ಕೇಳಿಯೇ. ಊರು, ಹೆಸರು ಹಾಕಬೇಡ, ಎಮ್ಮೆಯ ಮಾತು ಬೇಕಾದರೆ ಹಾಕು ಅಂದಳು.)

ಮಂಗಳವಾರ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತೆ. ತೋಳು ಎತ್ತಲು ಬರುತ್ತಿರಲಿಲ್ಲ, ಮೌಸನ್ನು ಎಡಗೈಯಲ್ಲಿ ಹಿಡಿದಿದ್ದೆ. ಏಳು ಹೊಡೆಯಿತು, ಏಳೂಕಾಲು, ಏಳೂವರೆ. ಐವತ್ತಾರು. ಎಂಟಕ್ಕೆ ಟೀಚರು ಫೋನು ಮಾಡಲಿಲ್ಲ. ಒಂಬತ್ತಕ್ಕೂ ಮಾಡಲಿಲ್ಲ.